ರೂಪಾಲಿ, ಎರಡನೇ ರೌಂಡ್, ಕುತ್ತಿಗೆ

ಬೆಳಗಿನ ಕಾದಾಟಗಳಲ್ಲಿ ಒಂದನ್ನು ಬಿಟ್ಟು ಉಳಿದದ್ದೆಲ್ಲ ತಾನು ಹೇಳಿದ ಹಾಗೇ ಮುಗಿದಿದ್ದರೂ ಸುಜಯನಿಗೆ ಚಹಾ ಕೂಡ ರುಚಿಸಲಿಲ್ಲ. ಅಮೆರಿಕದ ಶನಿವಾರ ರಾತ್ರಿಯ ಆಟ ಕಾರವಾರಕ್ಕೆ ಭಾನುವಾರ ಬೆಳಿಗ್ಗೆ ಬಂದು ಮುಟ್ಟುವುದು ದೇವರು ತನ್ನಂಥವರಿಗಾಗಿಯೇ ಮಾಡಿಟ್ಟ ಅನುಕೂಲ ಎಂದು ಅವನು ತಿಳಿದಿದ್ದ. ಹಬ್ಬುವಾಡದಲ್ಲಿ ಚಿಕ್ಕಪ್ಪನ ಮಗ ಸೂರಜನ ಮನೆಯ ಟೀವಿ ಎದುರು ನಾಲ್ಕೈದು ಜನ ಚಾಪೆ ಹಾಕಿಕೊಂಡು ಕೂರುತ್ತಾರೆ. ಮುಷ್ಟಿ, ಒದೆ, ಕುಸ್ತಿ ಮೂರೂ ಸೇರಿದ ಪಂಜರದ ಆಟ. ಬೀದಿಯಲ್ಲಿ ಮೀನಿನವಳ ಕೂಗು ಕೇಳುವುದರೊಳಗೆ ಪ್ರತಿಯೊಬ್ಬನೂ ಯಾರು ಗೆಲ್ಲುತ್ತಾರೆ, ಎಷ್ಟನೇ ರೌಂಡಿನಲ್ಲಿ, ಹೇಗೆ ಎಂದು ತನ್ನದೇ ದನಿಯಲ್ಲಿ ವಾಟ್ಸಾಪ್ ಗುಂಪಿಗೆ ಹಾಕಬೇಕು. ಹಾಕಿದ ಮೇಲೆ ಬದಲಿಸುವಂತಿಲ್ಲ. ಹೆಚ್ಚು ತಪ್ಪಿದವನು ಎಲ್ಲರ ಪಾಲಿನ ಬಾಂಗಡೆ ಶುಚಿ ಮಾಡಿ ಕೊಡಬೇಕು. ಸುಜಯನ ಕೈಗೆ ಮೀನಿನ ವಾಸನೆ ಹತ್ತದೆ ಎಷ್ಟೋ ಕಾಲವಾಗಿತ್ತು. ಇವತ್ತು ಹಿತ್ತಲಲ್ಲಿ ಕುಕ್ಕರಗಾಲಿನಲ್ಲಿ ಕೂತು ಮೀನು ಉಜ್ಜುತ್ತಿದ್ದ ಸೂರಜ್ ಕತ್ತೆತ್ತಿ, "ಏನಾ ಮಾರಾಯ, ಗೆದ್ದವ ನೀನು, ಸೋತವ್ರ ಮುಖ ಮಾಡ್ಕಂಡು ನಿಂತಿದ್ದಿ?" ಅಂದ. ಆಮೇಲೆ ತಾನೇ ನೆನಪು ಮಾಡಿಕೊಂಡು, "ಓ, ಇವತ್ತು ಮಧ್ಯಾಹ್ನ ಜಗದೀಶನ ತಂಗಿದು ಅಲ್ದಾ? ಅದೂ ನೀ ಹೇಳ್ದಾಂಗೇ ಆಗ್ತದೆ ಬಿಡು. ನಿನ್ನ ನಾಲ್ಗೆ ಅಂದ್ರೆ ನಾಲ್ಗೆ" ಎಂದು ಮೆಚ್ಚಿ ನಕ್ಕ. ಆ ಮೆಚ್ಚುಗೆ ಸುಜಯನ ಮೈಮೇಲೆ ಮೀನಿನ ಹುರುಪೆಯಂತೆ ಸಿಡಿದು ಅಂಟಿತು. ಆ ಆಟ ನೋಡಲು ಜಗದೀಶ ತನ್ನ ಮನೆಗೇ ಕರೆದಿದ್ದ. ಚಪ್ಪಲಿ ಮೆಟ್ಟಿ ಬಸ್‌ಸ್ಟ್ಯಾಂಡಿನ ಕಡೆ ನಡೆದ.

ಅಂಕೋಲೆಯ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ಅವನೇ ಮೊದಲು ಹೋದದ್ದು. ಹಿಂದಿನಿಂದ ಬಂದ ಒಬ್ಬ ದಪ್ಪ ಆಸಾಮಿ ಅವನ ಹೆಗಲ ಮೇಲಿಂದಲೇ ಟವೆಲ್ ಎಸೆದು, "ನಮ್ದು ಅದು" ಎಂದು ಕೂತುಬಿಟ್ಟ. ಸುಜಯ ಏನಾದರೂ ಹೇಳಬೇಕೆಂದು ಬಾಯಿ ತೆರೆದ. ಬಾಯಿಂದ ಬಂದದ್ದು "ಇರ್ಲಿ ಇರ್ಲಿ" ಎಂಬ ಮಾತು. ಕಂಬಿ ಹಿಡಿದು ನಿಂತ. ಆ ಮನುಷ್ಯ ಎಡಗಾಲಿನ ಮೇಲೆ ಭಾರ ಹಾಕಿ ಕೂತದ್ದು, ಅವನ ಗದ್ದ ಎತ್ತರದಲ್ಲಿದ್ದದ್ದು, ಒಂದು ನೇರ ಬಲಗೈ ಸಾಕು ಎಂಬುದು ಎಲ್ಲ ಅವನಿಗೆ ಕಾಣುತ್ತಿತ್ತು. ಕಂಡು ಏನು ಮಾಡುವುದು? ಹೈಸ್ಕೂಲಿನಲ್ಲಿ ಕಡಲ ದಂಡೆಯ ಮೇಲೆ ಒಬ್ಬ ಅವನ ಚಡ್ಡಿಗೆ ಮರಳು ತುಂಬಿ ಓಡಿಸಿದಾಗಲೂ "ಇರ್ಲಿ" ಅಂದಿದ್ದ. ಯಾರಿಗೂ ಒಂದು ಪೆಟ್ಟು ಕೊಡದವನು, ಕಚೇರಿಯ ಕುರ್ಚಿಯಲ್ಲಿ ಕೂತು ಹೊಟ್ಟೆ ಬೆಳೆಸಿಕೊಂಡವನು ಹೊಡೆದಾಡುವವರನ್ನು ಇಷ್ಟು ಹಚ್ಚಿಕೊಂಡದ್ದು ನಾಚಿಕೆಗೇಡು ಎಂದು ಅವನಿಗೇ ಎಷ್ಟೋ ಸಲ ಅನ್ನಿಸಿದೆ. ಆದರೆ ಅವನು ನೋಡುತ್ತಿದ್ದದ್ದು ರಕ್ತವನ್ನಲ್ಲ. ಪೆಟ್ಟು ಕೈಯಿಂದಲ್ಲ, ಹಿಮ್ಮಡಿಯಿಂದ ಹೊರಡುತ್ತದೆ ಎಂಬುದನ್ನು. ಎದುರಿನವನು ಉಸಿರು ಬಿಡುವುದನ್ನೇ ಕಾದು ನುಗ್ಗುವ ತಾಳ್ಮೆಯನ್ನು. ಮುಗಿದ ಮೇಲೆ, ಅಷ್ಟು ಹೊತ್ತು ಕೊಲ್ಲುವವರಂತೆ ಬಡಿದಾಡಿದ ಇಬ್ಬರು ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ತಲೆಯಿಟ್ಟು ಏನೋ ಪಿಸುಗುಡುವುದನ್ನು. ಆ ಪಿಸುಮಾತು ಏನಿರಬಹುದೆಂದು ತಿಳಿಯಲು ಅವನು ತನ್ನ ಅರ್ಧ ಆಯುಷ್ಯ ಕೊಟ್ಟಾನು.

ಬಸ್ಸು ಅಮದಳ್ಳಿ ದಾಟುವಾಗ ಅವನ ಕಣ್ಣಿಗೆ ರಸ್ತೆ ಕಾಣಲಿಲ್ಲ. ಒಂದು ಅಲ್ಯುಮಿನಿಯಂ ತಟ್ಟೆ, ಅದರ ತುಂಬ ಶೆಟ್ಲಿ ಎನ್ನುವ ಸೀಗಡಿ, ಶೆಟ್ಲಿಯ ತಲೆ ಮುರಿಯುತ್ತಿದ್ದ ಎರಡು ಕೈಗಳು ಕಂಡವು. ಬುಧವಾರ ಕಚೇರಿ ಕೆಲಸಕ್ಕೆಂದು ಅಂಕೋಲೆಗೆ ಹೋದವನನ್ನು ಜೊತೆಯಲ್ಲಿ ಕೆಲಸ ಮಾಡುವ ಜಗದೀಶ ಬಿಡದೆ ಬಾಳೆಗುಳಿ ಹತ್ತಿರದ ತನ್ನ ಮನೆಗೆ ಊಟಕ್ಕೆ ಎಳೆದುಕೊಂಡು ಹೋಗಿದ್ದ. ಜಗದೀಶನ ತಂಗಿ ಭವ್ಯಾ ಹಳಿಯಾಳದ ಹಾಸ್ಟೆಲಿನಲ್ಲಿದ್ದು ಕುಸ್ತಿ ಕಲಿತವಳು. ಎರಡು ವರ್ಷದಿಂದ ಮಡಗಾಂವಿನ ಒಂದು ಜಿಮ್ಮಿನಲ್ಲಿ ಈ ಪಂಜರದ ಆಟಕ್ಕೆ ತಯಾರಾಗುತ್ತಿದ್ದಾಳೆ. ಹವ್ಯಾಸಿಗಳ ಆಟದಲ್ಲಿ ಗೆದ್ದು, ಈ ಭಾನುವಾರ ಮೊದಲ ಸಲ ವೃತ್ತಿಯವಳಾಗಿ ಇಳಿಯುತ್ತಾಳೆ. ಎದುರಾಳಿ ಪುಣೆಯ ರೂಪಾಲಿ. ಮನೆಯವರ ಜೊತೆ ಅವಳದು ಒಂದು ಒಪ್ಪಂದವಾಗಿತ್ತು: ಗೆದ್ದರೆ ಆಟ, ಸೋತರೆ ಗಂಟುಮೂಟೆ ಕಟ್ಟಿ ಬಂದು, ಶಿರವಾಡದ ಒಂದು ಶಾಲೆಯವರು ಕರೆಯುತ್ತಿರುವ ಪಿ.ಟಿ. ಟೀಚರ್ ಕೆಲಸಕ್ಕೆ ಸೇರುವುದು. ಸೋಮವಾರ ಶಾಲೆಗೆ ಉತ್ತರ ಹೇಳಬೇಕಿತ್ತು. ಊಟವಾಗಿ ಸುಜಯ ಕೈ ತೊಳೆಯಲು ಹಿತ್ತಲಿಗೆ ಹೋದಾಗ ಜಗದೀಶನ ತಾಯಿ ಗಂಗೆ ಶೆಟ್ಲಿಯ ಎದುರು ಕೂತಿದ್ದಳು. ಜಗದೀಶ ಒಳಗಿದ್ದಾನೆಂಬುದನ್ನು ಖಾತ್ರಿ ಮಾಡಿಕೊಂಡು ದನಿ ತಗ್ಗಿಸಿ, "ತಮಾ, ನೀವು ಹೇಳ್ದದ್ದು ತಪ್ಪೂದಿಲ್ಲ ಅಂತಾರಲ್ಲ. ನಂಗೊಂದು ಹೇಳಿ. ನಮ್ಮ ಹುಡುಗಿ ಗೆಲ್ತದ್ಯಾ?" ಎಂದು ಕೇಳಿದಳು. ಅವನು ನಗಾಡಿ ತಪ್ಪಿಸಿಕೊಳ್ಳುವುದರೊಳಗೆ ಇನ್ನೂ ಸಣ್ಣ ದನಿಯಲ್ಲಿ, "ಊರ ದೇವಿ ಹತ್ರ ಗುನಗನ ಕೈಲಿ ಪ್ರಸಾದ ಕೇಳ್ಸಿದ್ದೆ. ಎಡದ ಎಸಳು ಬಿತ್ತು. ಮನೇಲಿ ಬಲಕ್ಕೆ ಬಿತ್ತು ಅಂದೆ. ಅದ್ಕೇ ನಿಮ್ಮನ್ನ ಕೇಳ್ತೆ" ಅಂದಳು.

ಪೂಜೆ ಮಾಡುವ ಗುನಗ ದೇವಿಯ ಮೈಗೆ ಅಂಟಿಸಿದ ಅಡಿಕೆ ಸಿಂಗಾರದ ಎಸಳು ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ. ಅದರ ಮೇಲೆ ಮಾತಿಲ್ಲ ಎಂದು ಅವನ ಮನೆಯಲ್ಲೂ ನಂಬುತ್ತಾರೆ. ಆ 'ಇಲ್ಲ'ದ ಮೇಲೆ ಈ ಹೆಂಗಸು ತನ್ನ ಹತ್ತಿರ ಮೇಲ್ಮನವಿಗೆ ಬಂದಿದ್ದಾಳೆ! ಆ ಹೊತ್ತಿಗೆ ಅವನು ಗುಂಪಿನಲ್ಲಿ ತನ್ನ ಮಾತು ಹಾಕಿ ಎರಡು ದಿನವಾಗಿತ್ತು: ರೂಪಾಲಿ, ಎರಡನೇ ರೌಂಡ್, ಕುತ್ತಿಗೆ. ಊರ ಹುಡುಗಿಯ ಆಟ ಎಂದು ಸೂರಜ್ ಒತ್ತಾಯ ಮಾಡಿ ಮುಂಚೆಯೇ ಕೇಳಿದ್ದ. ಇವನೂ ಹುರುಪಿನಲ್ಲಿ, ಯಾರದೋ ದೂರದೇಶದವರ ಬಗ್ಗೆ ಹೇಳುವಷ್ಟೇ ಸಲೀಸಾಗಿ ಹೇಳಿಬಿಟ್ಟಿದ್ದ. ಈಗ ತಟ್ಟೆಯನ್ನೇ ನೋಡುತ್ತ, "ಗೆಲ್ತಾಳೆ ಅಮ್ಮಾ" ಅಂದ. ಗಂಗೆ "ಆತು" ಎಂದಳು. ಮತ್ತೊಂದು ಶೆಟ್ಲಿಯ ತಲೆ ಮುರಿದಳು. ಹೋಗುವಾಗ ಅವನಿಗೆ ಒಂದು ಚೀಲ ಮಾವಿನಕಾಯಿಯನ್ನೂ ಕಟ್ಟಿಕೊಟ್ಟಳು. ಸುಳ್ಳು ಹೇಳಿದ್ದಕ್ಕೆ ಸಿಕ್ಕ ಮಾವಿನಕಾಯಿ ಹೊತ್ತುಕೊಂಡು ಬಂದೆನಲ್ಲ ಎಂದು ಅವನಿಗೆ ಆ ರಾತ್ರಿಯೆಲ್ಲ ತನ್ನ ಮೇಲೇ ಹೇಸಿಗೆ.

ಮರುದಿನ ಕಚೇರಿಯಲ್ಲಿ ಗೊತ್ತಿಲ್ಲದ ನಂಬರಿನಿಂದ ಫೋನು. "ಸುಜಯಣ್ಣನ? ನಾನು ಭವ್ಯಾ, ಜಗದೀಶಣ್ಣನ ತಂಗಿ." ಅವನು ಫೋನು ಹಿಡಿದುಕೊಂಡೇ ಮೆಟ್ಟಿಲ ಹತ್ತಿರ ಓಡಿದ. ಗುಂಪಿನಲ್ಲಿ ಹಾಕಿದ ಅವನ ದನಿ ಒಬ್ಬರಿಂದೊಬ್ಬರಿಗೆ ಹೋಗಿ ಕೊನೆಗೆ ಅವಳ ಫೋನಿಗೇ ಬಂದು ಬಿದ್ದಿತ್ತು. ಬೈಗುಳಕ್ಕೆ ತಲೆಯೊಡ್ಡಿ ನಿಂತವನಿಗೆ ಅವಳು ಕೇಳಿದ್ದೇ ಬೇರೆ: "ನೀವು ಹೇಳಿದ್ದು ನಾಲ್ಕೈದು ಸಲ ಕೇಳ್ದೆ. ಯಾಕೆ ಅಂತ ಹೇಳ್ಲೇ ಇಲ್ಲ ಅದ್ರಲ್ಲಿ. ಯಾಕೆ?" ಇಷ್ಟು ವರ್ಷದಲ್ಲಿ ಯಾರು, ಎಷ್ಟನೆಯದು, ಹೇಗೆ ಎಂದು ಕೇಳಿದವರೇ ಎಲ್ಲ, ಯಾಕೆ ಎಂದು ಕೇಳಿದವರು ಇವಳೊಬ್ಬಳೇ. ಅವನು ತೊದಲಿದ. "ಸುಮ್ನೆ ಹೇಳಿದ್ದು ತಂಗೀ, ತಮಾಷೆಗೆ..." "ತಮಾಷೆಗೆ ಹೇಳೂ ದನಿ ಅಲ್ಲ ಅದು. ಹೇಳಿ ಅಣ್ಣಾ, ನಂಗೆ ಟೈಮ್ ಇಲ್ಲ. ಜಿಮ್ಮಿನ ಹುಡುಗೀರು ಊಟಕ್ಕೆ ಕಾಯ್ತಾ ಇದ್ದಾರೆ."

ಆಗ ಹೇಳಿದ. ಹೇಳುತ್ತ ಹೇಳುತ್ತ ತೊದಲು ಹೋಯಿತು. ಅವಳ ಹಳೆಯ ಆಟದ ವಿಡಿಯೋಗಳನ್ನು ಅವನು ಎಷ್ಟು ಸಲ ನೋಡಿದ್ದನೆಂದರೆ ಅವಳು ಕಾಲೆತ್ತಿಡುವ ಮೊದಲೇ ಅವನ ಕಾಲು ಮಿಡುಕುತ್ತಿತ್ತು. ಮೊದಲ ರೌಂಡಿನಲ್ಲಿ ಅವಳಷ್ಟು ಚೆಂದ ನಿಂತು ಹೊಡೆಯುವವರನ್ನು ತಾನು ನೋಡಿಲ್ಲ ಎಂದ. ಆದರೆ ಉಸಿರು ಕಮ್ಮಿಯಾದಾಗ ಅವಳು ಹಳೆಯ ಅಭ್ಯಾಸಕ್ಕೆ ಹೋಗುತ್ತಾಳೆ. ತಲೆ ತಗ್ಗಿಸಿ ಎದುರಿನವಳ ಕಾಲಿಗೆ ಕೈ ಹಾಕುತ್ತಾಳೆ. "ಕುಸ್ತೀಲಿ ಕುತ್ತಿಗೆ ಹಿಸುಕೂ ಹಾಂಗಿಲ್ಲ ಅಲ್ದಾ? ಹಾಂಗಾಗಿ ನಿನ್ನ ಕುತ್ತಿಗೆಗೆ ಹೆದ್ರಿಕೆ ಅನ್ನೂದೇ ಕಲ್ಸಿಲ್ಲ ಯಾರೂ. ರೂಪಾಲಿ ಕಾಯೂದೇ ಅದ್ನ. ತಲೆ ಬಂತೋ, ಕಂಕುಳಿಗೆ ಸಿಗ್ಸಿ ಬಿಗೀತಾಳೆ." ಆ ಕಡೆ ಪಾತ್ರೆಗಳ ಸದ್ದು. ಆಮೇಲೆ, "ನಮ್ಮ ಕೋಚು ಹೇಳೂದೂ ಇದೇ. ಆದ್ರೆ ಅವ್ರು ಬೈತಾ ಹೇಳ್ತ್ರು, ಕಿವಿಗೆ ಹೋಗೂದಿಲ್ಲ" ಎಂದು ನಕ್ಕಳು. "ಈಗ ಹೇಳಿ. ಈಗ್ಲೂ ರೂಪಾಲಿನೇಯಾ?" ನೀನೇ ಎಂದುಬಿಡು ಎಂದು ಮನಸ್ಸು ಬಡಿದುಕೊಂಡಿತು. ಅವಳ ತಾಯಿಗೆ ಹೇಳಿದ ಸುಳ್ಳೇ ಗಂಟಲಲ್ಲಿ ಸಿಕ್ಕಿಕೊಂಡಿತ್ತು, ಇನ್ನೊಂದಕ್ಕೆ ಜಾಗವಿರಲಿಲ್ಲ. "ಹೌದು" ಅಂದ. "ಆತು. ಬದ್ಲು ಮಾಡ್ಬೇಡಿ ಹಾಂ" ಅಂದಳು ಅವಳು, ಕೋಪವಿಲ್ಲದೆ. ಫೋನಿಟ್ಟ ಮೇಲೂ ಅವನು ಆ ಮೆಟ್ಟಿಲ ಮೇಲೆ ಸುಮಾರು ಹೊತ್ತು ನಿಂತಿದ್ದ. ತನ್ನ ಸೋಲನ್ನು ಹೇಳಿದವನಿಗೆ ತಾನೇ ಫೋನು ಮಾಡಿ, ಯಾಕೆ ಎಂದು ಕೇಳುವ ಎದೆ ಇರಬೇಕಾದರೆ ಅದೆಂಥ ಎದೆ! ಪಂಜರದೊಳಗೆ ಹೋಗುವುದಕ್ಕಿಂತ ಅದು ದೊಡ್ಡದಾಗಿ ಕಂಡಿತು ಅವನಿಗೆ.

ಬಾಳೆಗುಳಿಯಲ್ಲಿ ಇಳಿದು ಒಳದಾರಿ ಹಿಡಿದು ಮನೆ ಮುಟ್ಟುವಾಗ ಭವ್ಯಾಳ ಅಪ್ಪ ಬೀರಾ ಜಗಲಿಯ ಮೇಲೆ, ಮನೆಯೊಳಗಿನ ಟೀವಿಗೆ ಬೆನ್ನು ಹಾಕಿ, ಕತ್ತಿಯಿಂದ ತೆಂಗಿನ ಗರಿಯ ಹೆಡಲು ಸಿಗಿಯುತ್ತ ಕೂತಿದ್ದ. "ಬನ್ನಿ, ಒಳಗೆ ಹೋಗಿ. ನಾ ನೋಡೂದಿಲ್ಲ. ಹೆತ್ತ ಹುಡುಗಿ ಪೆಟ್ಟು ತಿಂಬೂದು ನೋಡೂಕೆ ನಂಗೆಂಥಾ ಹುಚ್ಚೇ?" ಅಂದ. ಒಳಗೆ ಜಗದೀಶ ಫೋನನ್ನು ಟೀವಿಗೆ ಹೊಂದಿಸಲು ಒದ್ದಾಡುತ್ತಿದ್ದ. ಸುಜಯನಿಗೆ ಎಲ್ಲರಿಗಿಂತ ಮುಂದಿನ ಕುರ್ಚಿ. ಗಂಗೆ ತಾನೇ ಬಂದು ಕೋಕಂ ಪಾನಕದ ಲೋಟ ಕೈಗಿತ್ತಳು. ಅವನು ಅದನ್ನು ತೆಗೆದುಕೊಂಡು ಲೋಟದೊಳಗೆ ನೋಡಿದ. ಮಡಗಾಂವಿನ ಒಳಾಂಗಣದ ದೀಪಗಳು ಪರದೆಯ ಮೇಲೆ ಬಂದವು. ಕೂದಲನ್ನು ಸಣ್ಣ ಸಣ್ಣ ಜಡೆ ಹೆಣೆದು ಬಿಗಿದ ಭವ್ಯಾ ಪಂಜರದ ಮೆಟ್ಟಿಲ ಹತ್ತಿರ ಬಗ್ಗಿ ನೆಲ ಮುಟ್ಟಿ ಹಣೆಗೊತ್ತಿಕೊಂಡಳು. ಗಂಗೆ ಓಡಿಹೋಗಿ ಉಪ್ಪು, ಒಣಮೆಣಸು ಮುಷ್ಟಿಯಲ್ಲಿ ಹಿಡಿದು ತಂದು ಟೀವಿಯ ಮುಂದೆ ನಿವಾಳಿಸತೊಡಗಿದಳು. ಅಷ್ಟರಲ್ಲಿ ಪರದೆಯ ಮೇಲೆ ಮಗಳು ಹೋಗಿ ರೂಪಾಲಿ ಬಂದಳು. "ಅವ್ವೀ, ಅದು ಆಚೆಯವ್ರ ಹುಡುಗಿ!" ಎಂದು ಜಗದೀಶ ಕೂಗಿದ. ಗಂಗೆ ಕೈ ನಿಲ್ಲಿಸಲಿಲ್ಲ. "ಆಗ್ಲಿ ಬಿಡು. ಅದೂ ಯಾರೋ ಹೆತ್ತದ್ದೇ ಅಲ್ದಾ" ಎಂದು ಇನ್ನೊಂದು ಸುತ್ತು ತಿರುಗಿಸಿ, ಒಲೆಗೆ ಹಾಕಲು ಒಳಗೆ ಹೋದಳು. ಮೆಣಸಿನ ಘಾಟಿಗೆ ಎಲ್ಲರೂ ಕೆಮ್ಮಿದರು.

ಮೊದಲ ರೌಂಡು ಅವನು ಫೋನಿನಲ್ಲಿ ಹೇಳಿದ್ದಕ್ಕಿಂತ ಚೆಂದವಿತ್ತು. ಭವ್ಯಾ ಅವಸರವೇ ಇಲ್ಲದೆ, ಗದ್ದೆಯ ಅಂಚಿನ ಮೇಲೆ ನಡೆಯುವವಳಂತೆ ಒಂದೊಂದೇ ಹೆಜ್ಜೆ ಇಟ್ಟು ಹೋಗಿ ಎಡಗೈ ಚಾಚುತ್ತಿದ್ದಳು. ಆ ಎಡಗೈ ರೂಪಾಲಿಯ ಮೂಗಿಗೆ ತಾಗಿ ಹಿಂದೆ ಬರುವುದರೊಳಗೆ ಬಲಗೈ ಅಲ್ಲಿರುತ್ತಿತ್ತು. ಸುಜಯ ಲೋಟ ಕೆಳಗಿಡುವುದನ್ನೂ ಮರೆತ. ಹೊರಗಿನಿಂದ ಬೀರಾ, "ಎಂಥಾ ಆತು?" ಎಂದು ಬೆನ್ನು ತಿರುಗಿಸದೆ ಕೇಳಿದ. "ನಮ್ದೇ ಮೇಲೆ, ಅಪ್ಪಾ!" ಎಂದು ಜಗದೀಶ ಕುಣಿದ. ಎರಡನೇ ರೌಂಡಿನ ನಡುವೆ ಭವ್ಯಾಳ ಬಾಯಿ ತೆರೆದುಕೊಂಡಿತು. ಅವಳ ಬಲಮೊಣಕಾಲು ಇಷ್ಟೇ ಇಷ್ಟು ಕುಸಿಯಿತು. ಬೇರೆ ಯಾರಿಗೂ ಕಾಣದ ಆ ಕುಸಿತ ಸುಜಯನಿಗೆ ಕಂಡಿತು. ಹೋಗಬೇಡ, ಹೋಗಬೇಡ ಎಂದುಕೊಳ್ಳುತ್ತಿರುವಾಗಲೇ ಅವಳು ತಲೆ ತಗ್ಗಿಸಿ ನುಗ್ಗಿದಳು. ರೂಪಾಲಿಯ ಕಂಕುಳು ಬಾಯ್ತೆರೆದು ಕುತ್ತಿಗೆಯನ್ನು ನುಂಗಿತು. ಇಬ್ಬರೂ ನೆಲಕ್ಕೆ ಬಿದ್ದರು.

ಆ ಕ್ಷಣದಲ್ಲಿ, ಎಲ್ಲರೂ ಅಯ್ಯೋ ಎನ್ನುವಾಗ, ಸುಜಯನ ಎದೆಯೊಳಗೆ ಎಲ್ಲೋ ಒಂದು ಸಣ್ಣ ಜೀವ ಚಪ್ಪಾಳೆ ತಟ್ಟಿತು. ಹೇಳಿದ್ದೆ! ಎರಡನೇ ರೌಂಡ್, ಕುತ್ತಿಗೆ, ಹೇಳಿದ್ದೆ! ಪ್ರತಿ ಭಾನುವಾರ ಬೆಳಿಗ್ಗೆ ಬರುವ ಅದೇ ಸುಖ, ಅಷ್ಟೇ ಬೆಚ್ಚಗೆ, ಅಷ್ಟೇ ಸಿಹಿಯಾಗಿ ಬಂತು. ಅದು ಯಾರ ಮನೆ, ಪಕ್ಕದಲ್ಲಿ ನಿಂತವಳು ಯಾರು ಎಂದು ಅದು ಕೇಳಲಿಲ್ಲ. ಥೂ, ನಿನ್ನ ಜನ್ಮಕ್ಕಿಷ್ಟು ಎಂದು ತನ್ನನ್ನೇ ಬೈದುಕೊಂಡ. ಒಲೆಯ ಹತ್ತಿರದಿಂದ ಯಾವಾಗಲೋ ಬಂದು ನಿಂತಿದ್ದ ಗಂಗೆಯ ಕೈ ಅವನ ಹೆಗಲನ್ನು ಬಿಗಿಯಾಗಿ ಹಿಡಿದಿತ್ತು. ಅವಳಿಗೆ ಆಸರೆಗೆ ಸಿಕ್ಕಿದ್ದು ಅವನ ಹೆಗಲು. "ಅದ್ರ ಉಸ್ರು ಹೋಗ್ತದೆ ತಮಾ, ಬಿಡೂಕೆ ಹೇಳಿ, ಬಿಡೂಕೆ ಹೇಳಿ ಅದ್ಕೆ" ಎನ್ನುತ್ತಿದ್ದಳು. ಪರದೆಯಲ್ಲಿ ಭವ್ಯಾಳ ಮುಖ ಕೆಂಪಾಗಿ, ಆಮೇಲೆ ಕೆಂಪು ದಾಟಿ ಬೇರೆಯದೇ ಬಣ್ಣವಾಯಿತು. ಸೋತೆನೆಂದು ಕೈ ತಟ್ಟಿದರೆ ಮುಗಿಯಿತು, ತೀರ್ಪುಗಾರ ಬಿಡಿಸುತ್ತಾನೆ. ಅವಳ ಕೈ ಮೇಲೆದ್ದಿತು. ಈಗ ತಟ್ಟುತ್ತಾಳೆ ಎಂದು ಸುಜಯ ಕಣ್ಣು ಮುಚ್ಚಿದ.

ಅವಳು ತಟ್ಟಲಿಲ್ಲ. ಆ ಕೈ ರೂಪಾಲಿಯ ಹೆಗಲನ್ನು ಬಳಸಿ ಬೆನ್ನ ಹಿಂದೆ ಹೋಗಿ ಕೂತಿತು. ನಂತರ ಅವಳ ಕಾಲುಗಳು, ಗೋಣು ಸಿಕ್ಕಿಬಿದ್ದ ದೇಹದ ಕಾಲುಗಳೇ ಅಲ್ಲವೆಂಬಂತೆ, ಸಾವಕಾಶವಾಗಿ ಒಂದೊಂದೇ ಹೆಜ್ಜೆ ಇನ್ನೊಂದು ಬದಿಗೆ ನಡೆದವು. ಹೆಗಲು ರೂಪಾಲಿಯ ಗದ್ದದ ಕೆಳಗೆ ಇಳಿಯಿತು. ಅವಳು ಅಲ್ಲೇ ಭಾರ ಬಿಟ್ಟು ಕಾದಳು. ಉಸಿರಿಲ್ಲದವಳು ಕಾಯುತ್ತಿದ್ದಳು! ಸುಜಯ ಎಷ್ಟೋ ಪೆಟ್ಟು ನೋಡಿದ್ದ, ಇಂಥ ಕಾಯುವಿಕೆಯನ್ನು ನೋಡಿರಲಿಲ್ಲ. ಹಿಸುಕಿ ಹಿಸುಕಿ ರೂಪಾಲಿಯ ತೋಳು ಸೋತು ಒಂದು ಕೂದಲೆಳೆಯಷ್ಟು ಸಡಿಲವಾಯಿತು. ಭವ್ಯಾಳ ತಲೆ ಕಿತ್ತುಕೊಂಡು ಹೊರಗೆ ಬಂತು, ಒಂದು ಕಿವಿ ದಾಸವಾಳದ ಹಾಗೆ ಕೆಂಪಾಗಿತ್ತು. ಸುಜಯ ಕುರ್ಚಿಯಿಂದ ಎದ್ದು, ತನ್ನದೇ ಎಂದು ಅವನಿಗೆ ಗೊತ್ತಾಗದ ದನಿಯಲ್ಲಿ, "ಬಿಡಿಸ್ಕಂಡ್ಲು! ಬಿಡಿಸ್ಕಂಡ್ಲು ಮಾರಾಯಾ!" ಎಂದು ಅರಚಿದ. ಪಾನಕ ಅಂಗಿಯ ಮೇಲೆಲ್ಲ ಚೆಲ್ಲಿತು. ತನ್ನ ಮಾತು ಸುಳ್ಳಾದದ್ದಕ್ಕೆ ಮನುಷ್ಯನಿಗೆ ಇಷ್ಟು ಸುಖವಾಗಬಹುದೆಂದು ಅವನಿಗೆ ಈವರೆಗೆ ಗೊತ್ತಿರಲಿಲ್ಲ. "ಎದ್ದಳಾ?" ಎಂದು ಜಗಲಿಯಿಂದ ಬೀರಾ ಕೇಳಿದ. ಅವನ ಕತ್ತಿಯ ಸದ್ದು ನಿಂತು ಎಷ್ಟೋ ಹೊತ್ತಾಗಿತ್ತು.

ಮೂರನೆಯ ರೌಂಡು ಇಬ್ಬರೂ ಜೋಲಿ ಹೊಡೆಯುತ್ತ ಆಡಿದರು. ಪಂಜರದ ಹೊರಗೆ ಕೂತ ಮೂವರು ತೀರ್ಪುಗಾರರಲ್ಲಿ ಇಬ್ಬರು ರೂಪಾಲಿಗೆ ಗೆಲುವು ಕೊಟ್ಟರು, ಒಬ್ಬರು ಭವ್ಯಾಗೆ. ರೂಪಾಲಿಯ ಕೈ ಮೇಲೆದ್ದಿತು. ಪರದೆಯ ಮೇಲೆ ಇಬ್ಬರೂ ತಬ್ಬಿಕೊಂಡು ಏನೋ ಪಿಸುಗುಟ್ಟಿದರು. ಆಮೇಲೆ ಭವ್ಯಾ ಕ್ಯಾಮೆರಾದ ಕಡೆ ತಿರುಗಿ, ಊದಿದ ತುಟಿಯಲ್ಲೇ ನಕ್ಕು, ತನ್ನ ಕುತ್ತಿಗೆಯನ್ನು ಎರಡು ಬೆರಳಲ್ಲಿ ಮುಟ್ಟಿ ತೋರಿಸಿದಳು. ಅದು ಯಾರಿಗೆಂದು ಆ ಮನೆಯಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು. ಅವನಿಗೆ ಕಣ್ಣು ತುಂಬಿ ಬಂದು ಪರದೆಯೇ ಕಾಣಿಸಲಿಲ್ಲ.

ಜಗದೀಶ ಟೀವಿ ಆರಿಸಿದ. "ಆತು. ಒಪ್ಪಿದ ಮಾತು ಒಪ್ಪಿದ್ದೇ. ನಾಳೆ ಶಿರವಾಡದ ಶಾಲೆಯವ್ರಿಗೆ ಹೂಂ ಅಂತ ಹೇಳ್ತೆ" ಅಂದ. ಅವನ ದನಿಯಲ್ಲೂ ದುಃಖವಿತ್ತು. ಗಂಗೆ ಸುಜಯನ ಎದುರು ಬಂದು ನಿಂತಳು. "ತಮಾ, ಇನ್ನು ಪ್ರಸಾದ ಕೇಳೂಕೆ ಹೋಗೂದಿಲ್ಲ ನಾನು. ನೀವೇ ಹೇಳಿ. ಮುಂದಿನ ಸಲ ಗೆಲ್ತದ್ಯಾ?" ಪ್ರಸಾದದ ಮಾತು ಕೇಳಿ ಜಗದೀಶ ತಾಯಿಯ ಮುಖ ನೋಡಿದ. ಯಾರ ಜೊತೆ ಎಂದು ಗೊತ್ತಿಲ್ಲದೆ, ಎದುರಾಳಿಯ ಒಂದು ಆಟವನ್ನೂ ನೋಡದೆ ಸುಜಯ ಎಂದೂ ಬಾಯಿ ಬಿಟ್ಟವನಲ್ಲ. ಅವನು ತಲೆಯೆತ್ತಿದ. ಗಂಗೆಯ ಕಣ್ಣುಗಳು ಮೆಣಸಿನ ಘಾಟಿಗೋ ಏನೋ ಕೆಂಪಾಗಿದ್ದವು. ಮಗಳ ಕಣ್ಣುಗಳೇ ಅವು.

"ಗೆಲ್ತಾಳೆ ಅಮ್ಮಾ."

"ಯಾರು ಬಂದ್ರೂ?"

"ಯಾರು ಬಂದ್ರೂ."

"ಹಾಂ" ಅಂದಳು ಗಂಗೆ. "ಬುಧವಾರ ನೀವು ಹೇಳ್ದದ್ದು ಶೆಟ್ಲಿಗೆ. ಇವತ್ತು ಮುಖ ನೋಡಿ ನಂಗೆ ಹೇಳ್ದ್ರಿ." ಮಗನ ಕಡೆ ತಿರುಗಿ, "ಆ ಶಾಲೆಯವ್ರಿಗೆ ಬೇರೆ ಯಾರನ್ನಾದ್ರೂ ನೋಡ್ಕಳಿ ಅಂತ ಹೇಳು" ಅಂದಳು.

"ಅವ್ವೀ, ಭವ್ಯಾನೇ ಮಾತು ಕೊಟ್ಟದ್ದು, ಸೋತ್ರೆ ಬರ್ತೆ ಅಂತ."

"ಅದು ಕೊಡ್ತು. ತಕಂಡದ್ದು ನಾನು. ವಾಪಸ್ ಕೊಟ್ಟೆ, ಹೋಗು."

ಅಷ್ಟರಲ್ಲಿ ಬಾಗಿಲಲ್ಲಿ ನೆರಳಾಯಿತು. ಬೀರಾ ಪಂಚೆಗೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದ. ಸೋತಿದ್ದಾಳೆಂಬುದು ಅವನಿಗೂ ಕೇಳಿಸಿತ್ತು. ಯಾರ ಮುಖವನ್ನೂ ನೋಡದೆ ಟೀವಿಯ ಎದುರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, "ಮೊದ್ಲಿಂದ ಹಾಕು. ನಾ ನೋಡ್ಲೇ ಇಲ್ಲ" ಅಂದ.

ಜಗದೀಶ ಹಾಕಿದ. ಸುಜಯ ಕುರ್ಚಿ ಬಿಟ್ಟು ಬೀರಾನ ಪಕ್ಕದಲ್ಲಿ ನೆಲಕ್ಕೆ ಕೂತ. ಸಣ್ಣ ಸಣ್ಣ ಜಡೆಯ ಹುಡುಗಿ ಬಗ್ಗಿ ನೆಲ ಮುಟ್ಟಿದಳು. ಎರಡನೇ ರೌಂಡು ಬಂತು, ಅವಳ ಬಾಯಿ ತೆರೆದುಕೊಂಡಿತು, ತಲೆ ತಗ್ಗಿತು, ಕುತ್ತಿಗೆ ಸಿಕ್ಕಿತು. ಬೀರಾ ಸುಜಯನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಈಗ ಎಂಥಾ ಆಗ್ತದೆ, ಹೇಳಿ."

"ನಾ ಹೇಳೂದಿಲ್ಲ" ಅಂದ ಸುಜಯ. "ನೀವೇ ನೋಡಿ."